ದಾಕ್ಷಾಯಣಿ ಅಳಿಸದ ವಿಡಿಯೋ

ಲಕ್ಕುಂಡಿ ಉಳಿಕೆಮನೆ
ಫೆಬ್ರವರಿ 30, 2189

ಮೊಬೈಲು ಹಿಡಿದು ಮನೆಯೊಳಗನ್ನು ಲೋಕಕ್ಕೆಲ್ಲ ತೋರಿಸುತ್ತಿರುವ ಅಕ್ಕಂದಿರಿಗೆ, ಅಮ್ಮಂದಿರಿಗೆ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೇ ದಿನ ಎಲ್ಲಿಂದ ಬಂತು ಎಂದು ಈ ಕಾಗದವನ್ನು ಕೆಳಗಿಡಬೇಡಿ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದರು. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಸೇರಿಸಿ, ಆಗ ಯಾರೂ ಕೆಲಸ ಮಾಡಕೂಡದು ಎಂದು ಕಟ್ಟಳೆ ಮಾಡಿದರು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಂತೆ ಆಗಬಹುದು, ಕ್ಷಮಿಸಿ. ನಿಮ್ಮ ಕೆಲವು ಮಾತುಗಳು ನಮ್ಮಲ್ಲಿ ಸತ್ತಿವೆ, ಕೆಲವು ಬೇರೆ ಅರ್ಥ ಪಡೆದಿವೆ. ‘ವ್ಲಾಗರ್’ ಎಂಬ ಪದ ನಮಗೆ ಹಳೆಯ ಬರಹಗಳಲ್ಲಿ ಮಾತ್ರ ಸಿಗುತ್ತದೆ. ನಿಮ್ಮಂಥವರನ್ನು ನಾವು ‘ತೋರುಗಿತ್ತಿ’ ಎನ್ನುತ್ತೇವೆ. ಸೂಲಗಿತ್ತಿ ಎಂದಷ್ಟೇ ಗೌರವದ ಮಾತು ಅದು. ಇದು ಯಾವಾಗಲೂ ಹೀಗಿರಲಿಲ್ಲ. ಕಳೆದ ವರ್ಷದ ತನಕ ನನಗೂ ನಿಮ್ಮ ಬಗ್ಗೆ ಅಂಥ ಗೌರವವೇನೂ ಇರಲಿಲ್ಲ. ಆ ಕಥೆಯನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಸಂಪಿಗೆ ಬಿಲ್ಕಿಸ್. ಹೆತ್ತವಳು ಇಟ್ಟದ್ದು ಮೊದಲನೆಯದು, ಸಾಕಿದವಳು ಕೊಟ್ಟದ್ದು ಎರಡನೆಯದು. ನಾನಿರುವುದು ಒಂಬತ್ತು ಜನರ ಕೂಡುಮನೆಯಲ್ಲಿ. ಕೂಡುಮನೆ ಎಂದರೆ ರಕ್ತದ ನಂಟಿದ್ದವರೂ ಇಲ್ಲದವರೂ ‘ನಾವು ಒಂದೇ ಮನೆಯವರು’ ಎಂದು ಊರ ಸಭೆಯಲ್ಲಿ ಸಹಿ ಹಾಕಿ ಕಟ್ಟಿಕೊಂಡ ಸಂಸಾರ. ನಮ್ಮಲ್ಲಿ ಜಗಳವಿಲ್ಲ ಎಂದುಕೊಳ್ಳಬೇಡಿ. ನೀರಿನ ಸರದಿಗೆ, ಮಾಳಿಗೆಯ ಜಾಗಕ್ಕೆ, ಮಕ್ಕಳನ್ನು ಗದರಿದ್ದಕ್ಕೆ ನಿತ್ಯ ಕಚ್ಚಾಟ ನಡೆಯುತ್ತದೆ. ಬಿಸಿಲು ಏರುವ ಮೊದಲೇ ಹೊರಗಿನ ಕೆಲಸವೆಲ್ಲ ಮುಗಿಯಬೇಕು. ಹತ್ತು ಗಂಟೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಐದಕ್ಕೆ. ನಡುವಿನ ಹೊತ್ತು ಮಣ್ಣಿನ ಕೊಳವೆಗಳಿಂದ ತಂಪಾದ ಗೋಡೆಗೆ ಬೆನ್ನು ಕೊಟ್ಟು ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತೇವೆ. ಒಬ್ಬರ ಮುಖ ಒಬ್ಬರು ಅಷ್ಟು ಹೊತ್ತು ನೋಡಬೇಕಾದರೆ ಸಂಸಾರ ಎಂದರೇನು ಎಂದು ಯೋಚಿಸದೆ ವಿಧಿಯಿಲ್ಲ.

ನನ್ನ ಕೆಲಸ ಉಳಿಕೆಮನೆಯಲ್ಲಿ. ಹಳೆಯ ಬಾವಿಯೊಂದರ ಪಕ್ಕ ನೆಲದೊಳಗೆ ತೋಡಿದ ತಂಪಾದ ಕೋಣೆಗಳು ಅವು. ನಿಮ್ಮ ಕಾಲದ ವಿಡಿಯೋ, ಚಿತ್ರ, ಬರಹಗಳನ್ನು ಹಿಡಿದಿಟ್ಟಿರುವ ಯಂತ್ರಗಳು ಒಂದೊಂದಾಗಿ ಸಾಯುತ್ತಿವೆ. ಅವು ಪೂರ್ತಿ ಸಾಯುವ ಮೊದಲು ಬೇಕಾದದ್ದನ್ನು ಗಾಜಿನ ಬಿಲ್ಲೆಗಳ ಮೇಲೆ ಕೆತ್ತುತ್ತೇವೆ. ಗಾಜಿನಲ್ಲಿ ಸಾವಿರಾರು ವರ್ಷ ಉಳಿಯುತ್ತದಂತೆ. ಆದರೆ ಬಿಲ್ಲೆಗಳು ಕಡಿಮೆ. ಸಾವಿರದಲ್ಲಿ ಒಂದನ್ನು ಉಳಿಸಬಹುದು, ಮಿಕ್ಕದ್ದು ಹೋಗುತ್ತದೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ವರ್ಷಕ್ಕೊಮ್ಮೆ ಸಭೆ ಸೇರಿ ತೀರ್ಮಾನಿಸುತ್ತೇವೆ.

ಕಳೆದ ಆಷಾಢದ ಸಭೆಯಲ್ಲಿ ತೋರುಗಿತ್ತಿಯರ ವಿಡಿಯೋಗಳ ಸರದಿ ಬಂತು. ನಮ್ಮ ಹಿರಿಯರು ಗುರುಸಿದ್ಧ ಡಿಸೋಜ ಎಂಬವರು. ಕೆಟ್ಟವರಲ್ಲ, ಮಾತು ಮಾತ್ರ ನೇರ. ಅವರು ಹೇಳಿದರು: “ಇವೆಲ್ಲ ಬರೀ ತೋರಿಕೆ. ಹಬ್ಬದ ಸೀರೆ ಉಟ್ಟು, ಅತ್ತೆಯ ಕಾಲಿಗೆ ಬಿದ್ದು, ಕ್ಯಾಮೆರಾ ನೋಡಿ ನಕ್ಕದ್ದು. ಆ ಕಾಲದ ಸಂಸಾರ ಹಾಗಿರಲಿಲ್ಲ ಎಂದು ಕೋರ್ಟಿನ ಕಡತಗಳೇ ಹೇಳುತ್ತವೆ. ಸುಳ್ಳಿಗೆ ಗಾಜು ಯಾಕೆ ಖರ್ಚು ಮಾಡೋಣ?”

ಯಾರೂ ಎದುರಾಡಲಿಲ್ಲ. ನನಗೂ ಅದೇ ಅನಿಸಿತ್ತು. ಆದರೆ ಒಂದನ್ನೂ ಪೂರ್ತಿ ನೋಡದೆ ಬಿಸಾಡುವುದು ಸರಿಯಲ್ಲ ಎನಿಸಿ ಹದಿನೈದು ದಿನ ಕೇಳಿಕೊಂಡೆ. “ನೋಡಮ್ಮ, ನೋಡು. ನಿನಗೆ ಸಿಹಿ ಜಾಸ್ತಿಯಾಗಿ ಹಲ್ಲು ನೋವು ಬಂದೀತು” ಎಂದು ನಗುತ್ತ ಅವರು ಒಪ್ಪಿದರು. ನನ್ನ ಪಾಲಿಗೆ ಸಿಕ್ಕದ್ದು ಮುಂಡರಗಿಯ ದಾಕ್ಷಾಯಣಿ ಎಂಬಾಕೆಯ ನಾನೂರಕ್ಕೂ ಹೆಚ್ಚು ವಿಡಿಯೋಗಳು. ಚಾನೆಲಿನ ಹೆಸರು ‘ನಮ್ಮ ಮನಿ ನಮ್ಮ ಮಂದಿ’.

ದಾಕ್ಷಾಯಣಿಗೆ ಆಗ ಮೂವತ್ತೆರಡು ವರ್ಷ. ಗುಂಡು ಮುಖ, ಮಾತಿನ ನಡುವೆ ಸೆರಗಿನಿಂದ ಮೂಗಿನ ಬೆವರು ಒರೆಸಿಕೊಳ್ಳುವ ಅಭ್ಯಾಸ. ಗಂಡ ಈರಣ್ಣನದು ಹಿಟ್ಟಿನ ಗಿರಣಿ. ಮಾವ ಚನ್ನಬಸಪ್ಪ ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದವರು. ಅತ್ತೆ ನೀಲವ್ವ. ಮನೆಯಲ್ಲಿ ಈ ನಾಲ್ವರೇ. ಈರಣ್ಣನ ಅಣ್ಣ ಶಿವಪುತ್ರ ಹುಬ್ಬಳ್ಳಿಯಲ್ಲಿದ್ದ.

ಮೊದಲ ನೂರು ವಿಡಿಯೋಗಳ ಮಟ್ಟಿಗೆ ಗುರುಸಿದ್ಧರ ಮಾತು ನಿಜವೇ. ಹೊಸ್ತಿಲಿಗೆ ರಂಗೋಲಿ, ಅತ್ತೆಮಾವಂದಿರ ಕಾಲಿಗೆ ನಮಸ್ಕಾರ, ನಾಲ್ವರೂ ಸಾಲಾಗಿ ಕುಳಿತು ಊಟ. ಕೊನೆಯಲ್ಲಿ ದಾಕ್ಷಾಯಣಿ ಕ್ಯಾಮೆರಾದ ಹತ್ತಿರ ಮುಖ ತಂದು ಹೇಳುತ್ತಾಳೆ: “ಮನೀ ಅಂದ್ರ ಹಿಂಗ ಇರಬೇಕ್ರಿ. ಎಲ್ಲಾರೂ ಕೂಡಿ ಉಣಬೇಕು. ಸೊಸಿ ಬ್ಯಾರೆ ಅಲ್ಲ, ಮಗಳು ಬ್ಯಾರೆ ಅಲ್ಲ.” ಕೆಳಗೆ ನೂರಾರು ಜನ ಕೈಮುಗಿದಿದ್ದಾರೆ, ಕಣ್ಣೀರು ಹಾಕಿದ್ದಾರೆ. ನಾನು ಆಕಳಿಸುತ್ತ ನೋಡುತ್ತಿದ್ದೆ. ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಊಟದ ವಿಡಿಯೋ ಮುಗಿಯುವ ಕೊನೆಯ ಕ್ಷಣದಲ್ಲಿ, ಚಿತ್ರ ಕಪ್ಪಾಗುವ ಮುಂಚೆ, ನೀಲವ್ವ ತಟ್ಟೆ ಬಿಟ್ಟು ಏಳುತ್ತಿರುತ್ತಾರೆ. ಒಂದರಲ್ಲಲ್ಲ, ನಾಲ್ಕರಲ್ಲಿ. ಕ್ಯಾಮೆರಾಗೆಂದು ಕೂತವರು ಕ್ಯಾಮೆರಾ ಮುಗಿದೊಡನೆ ಒಲೆಯ ಹತ್ತಿರ ಹೋಗುತ್ತಿದ್ದರು.

ನೂರಹನ್ನೆರಡನೆಯ ವಿಡಿಯೋ ಚಳಿಗಾಲದ ಒಂದು ಬೆಳಗ್ಗೆ ತೆಗೆದದ್ದು. ನೀಲವ್ವ ಜೋಳದ ರೊಟ್ಟಿ ತಟ್ಟುತ್ತಿದ್ದಾರೆ. ಎಪ್ಪತ್ತರ ಹತ್ತಿರದ ಕೈ, ಆದರೂ ರೊಟ್ಟಿ ಅಂಗೈಯಡಿ ತಾನೇ ತಿರುಗುತ್ತದೆ. ಹಂಚಿನ ಮೇಲೆ ಹಾಕಿ, ನೀರು ಸವರಿ, ಮಗುಚಿ, ಉಬ್ಬಿದ್ದನ್ನು ತೆಗೆದು ಬುಟ್ಟಿಗೆ ಎಸೆಯುತ್ತಾರೆ. ದಾಕ್ಷಾಯಣಿ ಹಿಂದಿನ ದಿನವೇ ಯೋಚಿಸಿಟ್ಟ ಪ್ರಶ್ನೆ ಕೇಳುತ್ತಾಳೆ.

“ಅತ್ತಿ, ನೀವು ಮಾಡಿದ್ದ ಬಿಸಿ ರೊಟ್ಟಿ ಅಂದ್ರ ಊರಿಗೇ ಗೊತ್ತು. ಅಷ್ಟು ರುಚಿ ಹ್ಯಾಂಗ ಬರ್ತೈತಿ? ಎಲ್ಲಾರಿಗೂ ಸ್ವಲ್ಪ ಹೇಳ್ರಿ.”

ಅತ್ತೆ ತಲೆಯೆತ್ತಲಿಲ್ಲ. ತಟ್ಟುತ್ತಲೇ ಹೇಳಿದರು: “ನನಗೇನ್ ಗೊತ್ತವಾ. ನಾ ಬಿಸಿ ರೊಟ್ಟಿ ಉಂಡೇ ಇಲ್ಲ.”

ಅದರಲ್ಲಿ ದೂರು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇವತ್ತು ನೀರು ಬಂದಿಲ್ಲ ಎಂದಂತೆ ಹೇಳಿದರು. ಒಂಬತ್ತು ಸೆಕೆಂಡು ರೊಟ್ಟಿ ತಟ್ಟುವ ಸದ್ದು ಮಾತ್ರ. ಆಮೇಲೆ ಕ್ಯಾಮೆರಾದ ಹಿಂದಿನಿಂದ ಸಣ್ಣ ಧ್ವನಿ: “ಒಂದೂ ಇಲ್ರೀ?”

“ಲಗ್ನಾಗಿ ಬಂದಾಗಿಂದ ಒಲಿ ಮುಂದ ನಾನ ಕುಂತೀನಿ. ತಟ್ಟಾಕಿ ನಡುವ ಎದ್ದು ಉಣ್ಣಾಕ ಬರ್ತೈತೇನು? ಎಲ್ಲಾರದೂ ಆದ ಮ್ಯಾಲ ನಂದು. ಅಷ್ಟೊತ್ತಿಗೆ ಹಪ್ಪಳ ಆಗಿರ್ತೈತಿ.” ಇಷ್ಟು ಹೇಳಿ ನೀಲವ್ವ ನಕ್ಕರು. ದಾಕ್ಷಾಯಣಿ ಬುಟ್ಟಿಯಿಂದ ಒಂದು ಬಿಸಿ ರೊಟ್ಟಿ ತೆಗೆದು, ಬೆಣ್ಣೆ ಸವರಿ ಅತ್ತೆಯ ಮುಂದೆ ಹಿಡಿದಳು. ನೀಲವ್ವ ಗಾಬರಿಯಾದರು. “ಏ, ಹುಚ್ಚಿ, ಅವರಿನ್ನೂ ಉಂಡಿಲ್ಲ” ಎಂದು ಕೈ ಹಿಂದೆ ತೆಗೆದುಕೊಂಡರು. ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

ಅಕ್ಕಂದಿರೇ, ಆ ಒಂಬತ್ತು ಸೆಕೆಂಡನ್ನೂ ಮುಂದಿನ ಮಾತನ್ನೂ ಕತ್ತರಿಸಿ ಹಾಕುವುದು ಎಷ್ಟು ಸುಲಭವೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ‘ಎಲ್ಲರೂ ಕೂಡಿ ಉಣ್ಣುವ ಮನೆ’ ಎಂದು ನೂರು ಸಲ ಹೇಳಿದವಳು ಅವಳು. ಆ ಮಾತೇ ಸುಳ್ಳಾಗುವ ವಿಡಿಯೋ ಇದು. ಅವಳು ಎರಡು ದಿನ ಅದನ್ನು ಇಟ್ಟುಕೊಂಡು ಒದ್ದಾಡಿದಳಂತೆ. ಮೂರನೆಯ ದಿನ ಒಂದು ಕ್ಷಣವನ್ನೂ ತೆಗೆಯದೆ ಹಾಕಿದಳು. ಮೇಲೆ ಬರೆದ ಸಾಲು ಇಷ್ಟೇ: “ನಾನು ಹತ್ತು ವರ್ಷದಿಂದ ಈ ಮನ್ಯಾಗ ಇದ್ದೀನಿ. ನನಗ ಗೊತ್ತಿರಲಿಲ್ಲ.”

ಲಕ್ಷಾಂತರ ಜನ ನೋಡಿದರು. ಸಿಂಧನೂರಿನ ಒಬ್ಬಾಕೆ ಬರೆದಿದ್ದಾಳೆ: “ನಮ್ಮವ್ವನ್ನ ಇದ ಕೇಳಿದೆ. ಉತ್ರ ಕೊಡಲಿಲ್ಲ, ಎದ್ದು ಹಿತ್ತಲಕ ಹೋದ್ಲು.” ತುಮಕೂರಿನ ಇನ್ನೊಬ್ಬಾಕೆ: “ನಮ್ಮಮ್ಮನಿಗೆ ಬಿಸಿ ದೋಸೆ.” ಬರೀ ಮೂರು ಪದ. ಬೈದವರೂ ಕಡಿಮೆ ಇರಲಿಲ್ಲ. ಮನೆ ಮುರುಕಿ ಎಂದರು, ಅತ್ತೆಯನ್ನು ಅಳಿಸಿ ಹೆಸರು ಮಾಡುವವಳು ಎಂದರು. ಇತ್ತ ಕೆಲವರು, ಅಂಥ ಮನೆಯಲ್ಲಿ ಯಾಕಿದ್ದೀಯ, ಬಿಟ್ಟು ಹೊರಡು ಎಂದರು. ಎರಡೂ ಕಡೆಯವರಿಗೆ ಅವಳು ಕೊಟ್ಟ ಉತ್ತರವನ್ನು ನಾನು ಬಾಯಿಪಾಠ ಮಾಡಿದ್ದೇನೆ: “ನಾ ಮನಿ ಮುರಿಯಾಕ ತೋರ್ಸಿಲ್ರಿ. ಕೂಡಿ ಉಣಬೇಕು ಅಂದಿದ್ದೆ. ಒಬ್ರು ಬಿಟ್ಟುಹೋಗಿದ್ರು, ಈಗ ಕಂಡ್ರು. ಕರೀಬೇಕಲ್ರಿ ಮತ್ತ?”

ಮನೆಯೊಳಗೆ ಅಷ್ಟು ಸುಲಭವಿರಲಿಲ್ಲ. ಮುಂದಿನದನ್ನು ದಾಕ್ಷಾಯಣಿಯೇ ಕೆಲವು ವರ್ಷಗಳ ಮೇಲೆ ಒಂದು ವಿಡಿಯೋದಲ್ಲಿ ಹೇಳಿಕೊಂಡಿದ್ದಾಳೆ. ಭಾವ ಶಿವಪುತ್ರ ಹುಬ್ಬಳ್ಳಿಯಿಂದ ಫೋನು ಮಾಡಿ ಕೂಗಾಡಿದ: “ಅಪ್ಪನ ಮರ್ಯಾದಿ ಓಣ್ಯಾಗ ಹರಾಜ ಹಾಕೀಯಲ್ಲ! ಇವತ್ತ ತಗೀಬೇಕು ಅದನ್ನ.” ಗಿರಣಿಗೆ ಬಂದವರು ಈರಣ್ಣನನ್ನು ಕೆಣಕಿದರು: “ಏನಪಾ, ನಿಮ್ಮವ್ವಗ ಬಿಸೀದು ಹಾಕೂದಿಲ್ಲಂತ?” ಈರಣ್ಣ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದು ಹೇಳಿದ: “ನೀ ಮಾಡಿದ್ದು ತಪ್ಪು ಅನ್ನೂದಿಲ್ಲ. ಆದ್ರ ತಗದ್ಬಿಡು. ನನಗ ತಡ್ಕೊಳ್ಳಾಕ ಆಗವಲ್ದು.”

ಗಂಡನ ಆ ಸೋತ ದನಿಗೆ ದಾಕ್ಷಾಯಣಿಯ ಮನಸ್ಸು ಅಲ್ಲಾಡಿತು. ಅವಳು ಸೀದಾ ನೀಲವ್ವನ ಹತ್ತಿರ ಹೋದಳು. ಅವರು ಹಿತ್ತಲಿನಲ್ಲಿ ಪಾತ್ರೆ ಉಜ್ಜುತ್ತಿದ್ದರು.

“ಅತ್ತಿ, ತಪ್ಪು ಮಾಡಿದೆ. ನಿಮ್ಮನ್ನ ಕೇಳದ ಹಾಕಿದೆ. ತಗದ್ಬಿಡ್ಲೇನ್ರಿ?”

ನೀಲವ್ವ ಪಾತ್ರೆ ಕೆಳಗಿಟ್ಟು ಕೇಳಿದರು: “ನಾ ಹೇಳಿದ್ದು ಸುಳ್ಳೇನು?”

“ಇಲ್ರಿ.”

“ಹಂಗಾರ ಇರ್ಲಿ ಬಿಡು.” ಮತ್ತೆ ಪಾತ್ರೆ ಕೈಗೆತ್ತಿಕೊಂಡು, “ಇನ್ನ ಮುಂದ ಮಾತ್ರ ಕೇಳಿ ಹಾಕು” ಎಂದರು.

ವಿಡಿಯೋ ಉಳಿಯಿತು. ಶಿವಪುತ್ರ ಎರಡು ವರ್ಷ ಯಾವ ಹಬ್ಬಕ್ಕೂ ಬರಲಿಲ್ಲ. ಆಮೇಲೆ ಬಂದರೂ ದಾಕ್ಷಾಯಣಿಯೊಡನೆ ಮೊದಲಿನಂತೆ ಮಾತಾಡಲಿಲ್ಲವಂತೆ. ಎಲ್ಲಕ್ಕಿಂತ ಕಷ್ಟವಾದದ್ದು ಮಾವನ ಮೌನ. ಚನ್ನಬಸಪ್ಪ ಬೈಯಲಿಲ್ಲ. ರೊಟ್ಟಿ ಬಿಟ್ಟರು. ಹನ್ನೊಂದು ದಿನ ಬರೀ ಅನ್ನ ಸಾರು ಉಂಡು, ಹೊರಗಿನ ಕಟ್ಟೆಯ ಮೇಲೆ ಬೀದಿ ನೋಡುತ್ತ ಕೂತರು. ಊರಿನ ಪ್ರತಿ ಬಾಗಿಲನ್ನೂ ಹೆಸರಿಟ್ಟು ಬಲ್ಲ ಮನುಷ್ಯ, ಯಾರು ಮಾತಾಡಿಸಿದರೂ ಬಾಯಿ ಬಿಡಲಿಲ್ಲ. ದಾಕ್ಷಾಯಣಿ ಚಹಾ ತಂದಿಟ್ಟರೆ ತೆಗೆದುಕೊಳ್ಳುತ್ತಿದ್ದರು, ಮುಖ ನೋಡುತ್ತಿರಲಿಲ್ಲ. “ಅವಾಗ ನನಗ ಅನ್ನಿಸ್ತು, ನಾ ಎಲ್ಲಾ ಕೆಡಿಸಿದೆ ಅಂತ” ಎಂದು ಅವಳು ಹೇಳುವಾಗ ಸೆರಗು ಮೂಗಿಗಲ್ಲ, ಕಣ್ಣಿಗೆ ಹೋಗುತ್ತದೆ.

ಹನ್ನೆರಡನೆಯ ದಿನ ಅವಳು ಹಾಕಿದ ವಿಡಿಯೋ ಅರ್ಧ ನಿಮಿಷದ್ದು. ಅದರಲ್ಲಿ ಅವಳ ಮುಖ ಬಿಟ್ಟು ಬೇರೇನೂ ಇಲ್ಲ. “ಇವತ್ತ ನಮ್ಮ ಮನ್ಯಾಗ ಒಂದು ಛಲೋ ಸಂಗತಿ ಆತ್ರಿ. ಆದ್ರ ನಿಮಗ ತೋರ್ಸೂದಿಲ್ಲ. ಮಾವಾರು ಬ್ಯಾಡ ಅಂದಾರ. ತಪ್ಪು ತಿಳೀಬ್ಯಾಡ್ರಿ.” ನೋಡುವವರು ಗೋಳಾಡಿದರು, ಬೇಡಿಕೊಂಡರು. ಅವಳು ಹೇಳಲಿಲ್ಲ. ಮುಂದಿನ ಏಳು ವರ್ಷ ಹೇಳಲಿಲ್ಲ. ಅವಳ ಮೇಲೆ ನನಗೆ ನಿಜವಾದ ಅಭಿಮಾನ ಹುಟ್ಟಿದ್ದು ಇಲ್ಲಿ. ಬೈಗುಳ ಬೀಳುವ ವಿಡಿಯೋವನ್ನು ಧೈರ್ಯದಿಂದ ಹಾಕಿದವಳು, ಚಪ್ಪಾಳೆ ಬೀಳುವುದನ್ನು ಎದೆಯೊಳಗೇ ಇಟ್ಟುಕೊಂಡಳು.

ಚನ್ನಬಸಪ್ಪ ತೀರಿಕೊಂಡ ಮೇಲೆ, ಒಂದು ಮಧ್ಯಾಹ್ನ ನೀಲವ್ವ ತಾವೇ ಸೊಸೆಗೆ “ಮೊಬೈಲು ತಾ, ನಾ ಒಂದು ಮಾತು ಹೇಳ್ತೀನಿ” ಎಂದರು. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅವರು ಹೇಳಿದ್ದು ಹೀಗಿದೆ:

“ಅವತ್ತ ಮುಂಜಾನೆ ನಾ ತಟ್ಟಾಕತ್ತಿದ್ದೆ. ಇವರು ಬಂದು ನನ್ನ ಬಾಜೂಕ ಕುಂತ್ರು. ಎಂದೂ ಅಡಗಿಮನ್ಯಾಗ ಬಂದು ಕುಂತವರಲ್ಲ. ಮದಲನೇ ರೊಟ್ಟಿ ಹಂಚಿನ ಮ್ಯಾಲಿಂದ ತಗದೆ. ‘ಅದನ್ನ ನೀ ಉಣ್ಣು, ನಾ ಕಾಯ್ತೀನಿ’ ಅಂದ್ರು. ನಾ ಒಲ್ಲೆ ಅಂದೆ. ಸುಮ್ನ ಕುಂತ್ರು. ರೊಟ್ಟಿ ಆರಾಕತ್ತಿತು. ಆಮ್ಯಾಲ ಅಂದ್ರು, ‘ಮೂವತ್ತಾರು ವರ್ಷ ಮಂದಿ ಮನಿ ಪತ್ರ ಮಂದಿಗೆ ಮುಟ್ಟಿಸೀನಿ ನೀಲಾ. ನಮ್ಮನ್ಯಾಗ ಬಂದಿದ್ದನ್ನ ನಾ ಓದ್ಲೇ ಇಲ್ಲ.’ ಅಷ್ಟಂದು ತಲಿ ಕೆಳಗ ಹಾಕಿದ್ರು. ಲಗ್ನಾದ ಮ್ಯಾಲ ಅವರು ನನ್ನ ಹೆಸರು ಹಿಡದು ಕರದಿದ್ದು ಅದ ಮದಲು. ಆಗ ಇನ್ನೊಂದು ತಟ್ಟಿದೆ. ಆ ಬಿಸೀದು ಉಂಡೆ.”

“ಹ್ಯಾಂಗಿತ್ರಿ ಅತ್ತಿ?” ಎಂದು ದಾಕ್ಷಾಯಣಿ ಕೇಳುತ್ತಾಳೆ.

“ನಾಲಿಗಿ ಸುಟ್ಟುಕೊಂಡೆ. ಊದಿ ತಿನಬೇಕಂತ ನನಗೇನ್ ಗೊತ್ತಿತ್ತು!” ಎಂದು ನೀಲವ್ವ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಅವರ ಭುಜ ಕುಲುಕುತ್ತದೆ. ಯಾವಾಗ ನಗು ನಿಂತು ಅಳು ಶುರುವಾಯಿತೋ ಹೇಳಲಾಗದು.

ಹದಿನೈದು ದಿನ ಮುಗಿದು ಮತ್ತೆ ಸಭೆ ಸೇರಿತು. ನಾನು ಒಳ್ಳೆಯದನ್ನಷ್ಟೇ ಆರಿಸಿ ತೋರಿಸಲಿಲ್ಲ. ಮೊದಲಿನ ರಂಗೋಲಿ, ನಮಸ್ಕಾರ, ಸಾಲು ಊಟ ಎಲ್ಲವನ್ನೂ ಅದೇ ಕ್ರಮದಲ್ಲಿ ತೋರಿಸಿದೆ. ಗುರುಸಿದ್ಧರು ಕಣ್ಣು ಮುಚ್ಚಿಕೊಂಡಿದ್ದರು. ‘ಉಂಡೇ ಇಲ್ಲ’ ಎಂಬ ಮಾತಿಗೆ ಕಣ್ಣು ಬಿಟ್ಟರು. ಕೊನೆಯದು ಮುಗಿದ ಮೇಲೆ ನಾನು ಎದ್ದು ಹೇಳಿದೆ: “ಹಿರಿಯರೇ, ಮೊದಲ ನೂರು ತೋರಿಕೆಯೇ. ಆದರೆ ಲೋಕದ ಮುಂದೆ ‘ನಮ್ಮ ಮನೆ ಹೀಗಿದೆ’ ಎಂದು ನೂರು ಸಲ ಹೇಳಿದವಳಿಗೆ ಒಂದು ದಿನ ಅದನ್ನು ನಿಜ ಮಾಡಲೇಬೇಕಾಯಿತು. ಹೇಳದೇ ಇದ್ದಿದ್ದರೆ ಆ ಹೊಣೆಯೂ ಇರುತ್ತಿರಲಿಲ್ಲ.”

ನಮ್ಮ ಕೂಡುಮನೆಗಳಲ್ಲಿ ಒಂದು ಪದ್ಧತಿಯಿದೆ. ಬಿಸಿಪಾಳಿ ಎನ್ನುತ್ತೇವೆ. ಅವತ್ತು ಯಾರ ಕೈ ಒಲೆಯ ಮುಂದಿದೆಯೋ, ಗಂಡಾಗಲಿ ಹೆಣ್ಣಾಗಲಿ, ಮೊದಲ ತುತ್ತು ಅವರದು. ಮಿಕ್ಕವರು ಕಾಯುತ್ತಾರೆ. ಮಕ್ಕಳೂ ಕಾಯುತ್ತಾರೆ. ಇದು ಎಲ್ಲಿಂದ ಬಂತೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಮುಂಡರಗಿಯ ಆ ಅಡುಗೆಮನೆಯಿಂದಲೇ ಬಂತೆಂದು ನಾನು ಸಾಧಿಸಲಾರೆ. ಆದರೆ ದಾಕ್ಷಾಯಣಿಯ ನಂತರ ಅದೇ ಪ್ರಶ್ನೆ ಕೇಳಿ, ಅದೇ ರೊಟ್ಟಿ, ದೋಸೆ, ಮುದ್ದೆ ಮುಂದೆ ಹಿಡಿದ ನೂರಾರು ತೋರುಗಿತ್ತಿಯರ ವಿಡಿಯೋಗಳು ನಮ್ಮಲ್ಲಿವೆ. ಅದನ್ನೂ ಸಭೆಗೆ ಹೇಳಿದೆ. ಗುರುಸಿದ್ಧರು “ನಾನು ತಪ್ಪು ತಿಳಿದಿದ್ದೆ. ಪೂರ್ತಿ ಅಲ್ಲ, ಆದರೆ ತಿಳಿದಿದ್ದೆ” ಎಂದರು. ನಾನು ಕೇಳಿದಷ್ಟು ಬಿಲ್ಲೆಗಳು ಸಿಗಲಿಲ್ಲ. ತೋರುಗಿತ್ತಿಯರಿಗೆಲ್ಲ ಸೇರಿ ಎಂಬತ್ತು ಸಿಕ್ಕವು. ಸಂಜೆ ಬಾಗಿಲು ತೆಗೆಯುವ ಹೊತ್ತಿಗೆ ಅವರು ನನ್ನ ಹತ್ತಿರ ಬಂದು ಆ ಮುದುಕಿ ನಗುವುದನ್ನು ಇನ್ನೊಮ್ಮೆ ತೋರಿಸು ಎಂದರು.

ಈಗ ಎಂಬತ್ತು ಬಿಲ್ಲೆಗಳನ್ನು ಒಂದೊಂದಾಗಿ ಕೆತ್ತುತ್ತಿದ್ದೇನೆ. ಈ ಕೆಲಸದಲ್ಲಿ ನನಗೊಂದು ಕಷ್ಟ ಎದುರಾಗಿದೆ. ಅದಕ್ಕೆ ನಿಮ್ಮ ನೆರವು ಬೇಕು. ಗಾಜಿನ ಅಂಚಿನಲ್ಲಿ, ಚಿತ್ರದೊಳಗಿರುವ ಪ್ರತಿಯೊಬ್ಬರ ಹೆಸರು ಬರೆಯುವುದು ನಮ್ಮ ನಿಯಮ. ತೋರುಗಿತ್ತಿಯ ಹೆಸರು ಸಿಗುತ್ತದೆ. ಹಿಂದೆ ಓಡಾಡುವವರ ಹೆಸರು ಸಿಗುವುದಿಲ್ಲ. ‘ನಮ್ಮ ಅತ್ತೆ’, ‘ಅಜ್ಜಿ’, ‘ದೊಡ್ಡಮ್ಮ’, ‘ಕೆಲಸದ ಅಕ್ಕ’ ಎಂದಷ್ಟೇ ನೀವು ಹೇಳಿರುತ್ತೀರಿ. ನಿಮಗೆ ಅವರು ಯಾರೆಂದು ಗೊತ್ತು, ಹಾಗಾಗಿ ಹೇಳುವ ಅಗತ್ಯ ಕಾಣುವುದಿಲ್ಲ. ನಮಗೆ ಗೊತ್ತಿಲ್ಲ. ಇವತ್ತು ನನ್ನ ಮೇಜಿನ ಮೇಲಿರುವ ಬಿಲ್ಲೆ ಕುಂದಾಪುರದ ಕಡೆಯ ಒಂದು ಮನೆಯದು. ಮಗಳು ಹಬ್ಬದ ಅಡುಗೆ ವಿವರಿಸುತ್ತಿದ್ದಾಳೆ. ಹಿಂದೆ ಹಸಿರು ಸೀರೆಯ ಒಬ್ಬ ಹೆಂಗಸು ನೆಲದ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತ, ತನ್ನಷ್ಟಕ್ಕೆ ಏನನ್ನೋ ಗುನುಗುತ್ತಿದ್ದಾಳೆ. ಒಮ್ಮೆ ತಲೆಯೆತ್ತಿ ನಮ್ಮತ್ತ ನೋಡುತ್ತಾಳೆ. ಎಂಥ ಚೆಂದದ ಕಣ್ಣು! ಆ ಮನೆಯ ಎಲ್ಲ ವಿಡಿಯೋಗಳನ್ನೂ ಹುಡುಕಿದೆ. ಯಾರೂ ಒಮ್ಮೆಯೂ ಅವಳ ಹೆಸರು ಹಿಡಿದು ಕರೆದಿಲ್ಲ.

ಇವತ್ತು ನೀವು ತೆಗೆಯುವ ವಿಡಿಯೋದಲ್ಲಿ ಅಂಥವರಿದ್ದರೆ ಅವರನ್ನು ಕೇಳಿ, ಒಪ್ಪಿದರೆ ಹೆಸರು ಹೇಳಿ. ಪೂರ್ತಿ ಹೆಸರು, ಊರು, ಸಾಧ್ಯವಾದರೆ ಅವರಿಗೆ ಬರುವ ಹಾಡು. ನನಗೆ ಸಮಯವಿದೆ, ಕಾಯುತ್ತೇನೆ. ಹಸಿರು ಸೀರೆಯವಳ ಅಂಚನ್ನು ಖಾಲಿ ಬಿಟ್ಟಿದ್ದೇನೆ.

ನಿಮ್ಮ ಮನೆಗಳು ತಂಪಾಗಿರಲಿ.

ನಿಮ್ಮವಳೇ ಆದ
ಸಂಪಿಗೆ ಬಿಲ್ಕಿಸ್